ಕಂಪನಿ ಡೆಲಾವೇರ್‌ನಲ್ಲಿ, ಕುರ್ಚಿ ಕಲಬುರಗಿಯಲ್ಲಿ: ತೆರಿಗೆ ನಿವಾಸ ನಿರ್ಧರಿಸುವ ಸಮಗ್ರ ಮಾರ್ಗದರ್ಶಿ

ಕಲಬುರಗಿಯ ಸ್ಟೇಷನ್ ರಸ್ತೆಯಲ್ಲಿರುವ ನನ್ನ ಕೋಣೆಗೆ ಲೆಕ್ಕಪತ್ರ ಹಿಡಿದು ಬರುವವರು ಮೊದಲು ತೆಗೆದು ತೋರಿಸುವುದು ಕಂಪನಿಯ ನೋಂದಣಿ ಪತ್ರ. ಮುದ್ರೆಯಿರುತ್ತದೆ, ಅಮೆರಿಕದ ಡೆಲಾವೇರ್ ರಾಜ್ಯದ ವಿಳಾಸವಿರುತ್ತದೆ. "ಪಾಸ್‌ಪೋರ್ಟ್ ತಂದಿದ್ದೀರಾ?" ಎಂದರೆ, "ಅದು ಮನೆಯಲ್ಲಿದೆ ಸರ್, ಅದೇಕೆ ಬೇಕು?" ಎನ್ನುತ್ತಾರೆ. ತಪ್ಪು ಶುರುವಾಗುವುದು ಅಲ್ಲಿಂದಲೇ. ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸಿದಂತೆ, ತಾವು ಯಾವ ದೇಶದ ತೆರಿಗೆ ನಿವಾಸಿ, ಅಂದರೆ ಯಾವ ದೇಶ ತಮ್ಮನ್ನು ತನ್ನ ನಿವಾಸಿಯೆಂದು ಎಣಿಸಿ ತೆರಿಗೆ ಕೇಳುತ್ತದೆ ಎಂದು ತಿಳಿಯುವ ಮೊದಲೇ ಕಂಪನಿ ನೋಂದಾಯಿಸಿ, ಬ್ಯಾಂಕ್ ಖಾತೆ ತೆರೆದು, ಗಿರಾಕಿಗಳಿಗೆ ಬಿಲ್ ಕಳುಹಿಸಿರುತ್ತಾರೆ.

ಕ್ರಮ ಹೀಗಿರಬೇಕು: ಮೊದಲು ನೀವು, ಆಮೇಲೆ ಕಂಪನಿ, ಅದಾದ ಮೇಲೆ ಹಣ, ಕೊನೆಗೆ ರಿಟರ್ನ್. ಇದನ್ನು ತಿರುವುಮುರುವು ಮಾಡಿದವರೇ ಮತ್ತೆ ಮತ್ತೆ ಎಡವುತ್ತಿದ್ದಾರೆ.

ಕಾಯ್ದೆಯ ಬಗ್ಗೆ ಒಂದು ಮಾತು. 2026ರ ಏಪ್ರಿಲ್ 1ರಿಂದ 2025ರ ಆದಾಯ ತೆರಿಗೆ ಕಾಯ್ದೆ ಜಾರಿಯಲ್ಲಿದೆ. 2026ರ ಮಾರ್ಚ್ 31ಕ್ಕೆ ಮುಗಿದ ವರ್ಷಕ್ಕೆ 1961ರ ಕಾಯ್ದೆಯೇ ಅನ್ವಯ. ದಿನ ಎಣಿಸುವ ನಿಯಮ ಎರಡರಲ್ಲೂ ಒಂದೇ. ಕೆಳಗೆ ಹೇಳಿರುವ ಭಾರತದ ಆದಾಯ ತೆರಿಗೆಯ ಫಾರ್ಮ್ ಸಂಖ್ಯೆಗಳು 1961ರ ಕಾಯ್ದೆಯವು.

ಕೈಯಲ್ಲಿರಬೇಕಾದ ಕಾಗದಗಳು

ಹಳೆಯ ಮತ್ತು ಹೊಸ ಪಾಸ್‌ಪೋರ್ಟ್‌ಗಳು, ವಿಮಾನದ ಟಿಕೆಟ್‌ಗಳು, ಕಳೆದ ಹತ್ತು ವರ್ಷ ಯಾವ ದೇಶದಲ್ಲಿದ್ದಿರಿ ಎಂಬ ಪಟ್ಟಿ, ಕಂಪನಿಯ ನೋಂದಣಿ ಪತ್ರ ಮತ್ತು ಒಡಂಬಡಿಕೆ, ಕಂಪನಿಯ ಬ್ಯಾಂಕ್ ಖಾತೆಯ ಜನವರಿಯಿಂದ ಡಿಸೆಂಬರ್‌ವರೆಗಿನ ವಿವರ, ಭಾರತದಿಂದ ಹಣ ಕಳುಹಿಸಿದ್ದರೆ ಬ್ಯಾಂಕಿಗೆ ಕೊಟ್ಟ ಎ2 ಅರ್ಜಿಯ ಪ್ರತಿ. ಇವುಗಳ ಜೊತೆಗೆ ಒಂದು ಸ್ಪ್ರೆಡ್‌ಶೀಟ್. ಹಳೆಯ ಪಾಸ್‌ಪೋರ್ಟ್ ಎಸೆದವರು ಟಿಕೆಟ್ ಬುಕ್ ಮಾಡಿದ ಇಮೇಲ್‌ಗಳಿಂದ ದಿನಾಂಕ ಹೆಕ್ಕಬೇಕಾಗುತ್ತದೆ. ಒಂದು ಸಂಜೆ ಹಿಡಿಯುವ ಕೆಲಸ, ಆದರೆ ಆಗುತ್ತದೆ.

ಹಂತ 1: ದಿನ ಎಣಿಸಿ

ವರ್ಷ ಎಂದರೆ ಏಪ್ರಿಲ್ 1ರಿಂದ ಮಾರ್ಚ್ 31. ಆ ವರ್ಷದಲ್ಲಿ ಭಾರತದಲ್ಲಿ 182 ದಿನ ಅಥವಾ ಹೆಚ್ಚು ಇದ್ದರೆ ನೀವು ನಿವಾಸಿ. ಅಷ್ಟಿಲ್ಲದಿದ್ದರೂ, ಆ ವರ್ಷ 60 ದಿನ ಮತ್ತು ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ತುಂಬಿದ್ದರೂ ನಿವಾಸಿಯೇ.

ಕಲಬುರಗಿಯ ಮನೆಯಲ್ಲೇ ಕುಳಿತು ಕೋಡ್ ಬರೆಯುವವರಿಗೆ ಈ ಹಂತ ಅರ್ಧ ನಿಮಿಷದ್ದು. ನೀವು ನಿವಾಸಿ, ಜಗತ್ತಿನ ಯಾವ ಮೂಲೆಯಿಂದ ಬಂದ ನಿಮ್ಮ ಆದಾಯಕ್ಕೂ ಇಲ್ಲಿ ತೆರಿಗೆ. ಗೊಂದಲವಿರುವುದು ಕೊಲ್ಲಿ ದೇಶಗಳಿಗೂ ನಮ್ಮ ಜಿಲ್ಲೆಗಳಿಗೂ ನಡುವೆ ಓಡಾಡುವವರಿಗೆ. ಭಾರತದ ಪೌರ ಉದ್ಯೋಗಕ್ಕಾಗಿ ದೇಶ ಬಿಟ್ಟ ವರ್ಷ 60ರ ಜಾಗದಲ್ಲಿ 182 ಎಂದು ಓದಬೇಕು. ಹೊರದೇಶದಲ್ಲಿದ್ದು ಭೇಟಿಗೆ ಬಂದು ಹೋಗುವವರಿಗೂ 182. ಆದರೆ ಅವರ ವಿದೇಶಿ ಮೂಲದ್ದಲ್ಲದ ಆದಾಯ 15 ಲಕ್ಷ ರೂಪಾಯಿ ದಾಟಿದರೆ ಆ ಮಿತಿ 120 ದಿನಕ್ಕೆ ಇಳಿಯುತ್ತದೆ. 2020ರಲ್ಲಿ ಬಂದ ಈ ತಿದ್ದುಪಡಿಯನ್ನು ಇಂದಿಗೂ ಅನೇಕರು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಬೀದರ್‌ನವರೊಬ್ಬರು ಶಾರ್ಜಾದಲ್ಲಿದ್ದಾರೆ ಎಂದುಕೊಳ್ಳಿ. 2025ರ ಜೂನ್ 5ರಂದು ಬಕ್ರೀದ್‌ಗೆಂದು ಹೈದರಾಬಾದ್‌ನ ಶಂಶಾಬಾದ್ ವಿಮಾನ ನಿಲ್ದಾಣದಲ್ಲಿ ಇಳಿದು ಜುಲೈ 10ಕ್ಕೆ ಮರಳಿದರು: 36 ದಿನ. ತಂಗಿಯ ಮದುವೆಗೆ ನವೆಂಬರ್ 20ಕ್ಕೆ ಬಂದವರು ಫೆಬ್ರುವರಿ 28ಕ್ಕೆ ಹೋದರು: 101 ದಿನ. ಒಟ್ಟು 137. ಹಿಂದಿನ ನಾಲ್ಕು ವರ್ಷಗಳಲ್ಲಿ ವರ್ಷಕ್ಕೆ ನೂರರಂತೆ 400 ದಿನ ಇಲ್ಲಿದ್ದರು. ಊರಿನ ಮಳಿಗೆಗಳ ಬಾಡಿಗೆಯಿಂದ ತೆರಿಗೆಗೆ ಒಳಪಡುವ ಆದಾಯ 16 ಲಕ್ಷವಾದರೆ ಅವರು ಆ ವರ್ಷ ನಿವಾಸಿ. 14 ಲಕ್ಷವಾದರೆ ಅನಿವಾಸಿ. ದಿನಗಳು ಅವೇ, ಬಾಡಿಗೆ ಮಾತ್ರ ಬೇರೆ.

ಬಂದ ದಿನ ಮತ್ತು ಹೋದ ದಿನ ಎರಡನ್ನೂ ಸೇರಿಸಿಯೇ ಎಣಿಸಿ. ಬಂದ ದಿನವನ್ನು ಬಿಡಬಹುದೆಂದ ನ್ಯಾಯಮಂಡಳಿ ತೀರ್ಪುಗಳಿವೆ, ಸೇರಿಸಬೇಕೆಂದ ತೀರ್ಪೂ ಇದೆ. 181 ದಿನಕ್ಕೆ ವಿಮಾನ ಹತ್ತಿ ಆ ತೀರ್ಪುಗಳನ್ನು ನೆಚ್ಚಿಕೊಳ್ಳಬೇಡಿ. ಹತ್ತು ದಿನ ಕೈಯಲ್ಲಿಟ್ಟುಕೊಂಡು ಯೋಜಿಸಿ.

ಕಾಯಂ ಆಗಿ ಊರಿಗೆ ಮರಳುವ ವರ್ಷ ಇನ್ನೂ ಎಚ್ಚರ ಬೇಕು. ಗಂಟುಮೂಟೆ ಸಮೇತ ವಾಪಸಾದದ್ದನ್ನು ಭೇಟಿ ಎನ್ನಲಾಗದು, ಹಾಗಾಗಿ 60 ದಿನದ ನಿಯಮವೇ ತಗಲುತ್ತದೆ. ಜನವರಿ 10ಕ್ಕೆ ಬಂದರೂ ಮಾರ್ಚ್ 31ರ ಹೊತ್ತಿಗೆ 81 ದಿನ ಆಗಿರುತ್ತದೆ.

ಹಂತ 2: ಯಾವ ಬಗೆಯ ನಿವಾಸಿ ಎಂದು ನೋಡಿ

ನಿವಾಸಿಗಳಲ್ಲಿ ಎರಡು ಬಗೆ. ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿಯಾಗಿದ್ದರೆ, ಅಥವಾ ಹಿಂದಿನ 7 ವರ್ಷಗಳಲ್ಲಿ ಭಾರತದಲ್ಲಿ ಕಳೆದದ್ದು 729 ದಿನ ಅಥವಾ ಕಡಿಮೆಯಾಗಿದ್ದರೆ, ನೀವು "ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ" ಎಂಬ ವರ್ಗ. ಆರ್‌ಎನ್‌ಒಆರ್ ಎಂದು ಆಡಿಟರ್‌ಗಳು ಹೇಳುವುದು ಇದನ್ನೇ. ಮೇಲಿನ 120 ದಿನದ ನಿಯಮದಿಂದ ನಿವಾಸಿಯಾದವರೂ ಈ ವರ್ಗಕ್ಕೇ ಬರುತ್ತಾರೆ.

ಇನ್ನೊಂದು ಬಲೆಯೂ ಇದೆ. ಭಾರತದ ಪೌರರಾಗಿದ್ದು, ವಿದೇಶಿ ಮೂಲದ್ದಲ್ಲದ ಆದಾಯ 15 ಲಕ್ಷ ದಾಟಿ, ನಿವಾಸದ ಕಾರಣಕ್ಕೆ ಬೇರೆ ಯಾವ ದೇಶದಲ್ಲೂ ತೆರಿಗೆಗೆ ಒಳಪಡದಿದ್ದರೆ, ಭಾರತದಲ್ಲಿ ಒಂದು ದಿನವೂ ಇರದಿದ್ದರೂ ಕಾನೂನು ನಿಮ್ಮನ್ನು ನಿವಾಸಿಯೆಂದೇ ಭಾವಿಸುತ್ತದೆ. ವರ್ಗ ಮಾತ್ರ ಆರ್‌ಎನ್‌ಒಆರ್.

ಈ ವರ್ಗದವರ ಹೊರದೇಶದ ಆದಾಯಕ್ಕೆ ಸಾಮಾನ್ಯವಾಗಿ ಇಲ್ಲಿ ತೆರಿಗೆಯಿಲ್ಲ. ಆದರೆ ಭಾರತದಿಂದ ನಿಯಂತ್ರಿಸುವ ವ್ಯವಹಾರದ ಆದಾಯಕ್ಕೆ ಈ ರಿಯಾಯಿತಿ ಸಿಗುವುದಿಲ್ಲ. ಶಾರ್ಜಾದ ಸಂಬಳಕ್ಕೆ ವಿನಾಯಿತಿ ಸಿಕ್ಕಿತೆಂದು, ಬೀದರ್‌ನ ಮನೆಯಿಂದ ನಡೆಸುವ ಆನ್‌ಲೈನ್ ಅಂಗಡಿಗೂ ಸಿಗುತ್ತದೆ ಎಂದುಕೊಳ್ಳಬೇಡಿ.

ಹಂತ 3: ಆ ಕಡೆಯ ದೇಶ ಏನೆನ್ನುತ್ತದೆ

"ನಾನು ಎಸ್ಟೋನಿಯಾದ ಇ-ನಿವಾಸಿ" ಎನ್ನುವವರು ಆ ಕಾರ್ಡ್ ಅನ್ನು ಪಕ್ಕಕ್ಕಿಡಿ. 2014ರಲ್ಲಿ ಶುರುವಾದ ಆ ಯೋಜನೆ ಕೊಡುವುದು ಡಿಜಿಟಲ್ ಗುರುತು. ಅದರಿಂದ ತೆರಿಗೆ ನಿವಾಸ ಸಿಗುವುದಿಲ್ಲ. ಡೆಲಾವೇರ್‌ನ ನೋಂದಣಿ ಪತ್ರವಂತೂ ನಿಮ್ಮನ್ನು ಅಮೆರಿಕದ ನಿವಾಸಿ ಮಾಡುವುದೇ ಇಲ್ಲ.

ಎರಡು ದೇಶಗಳೂ ನಿಮ್ಮನ್ನು ನಿವಾಸಿ ಎಂದಾಗ ಮಾತ್ರ ದ್ವಿತೆರಿಗೆ ತಪ್ಪಿಸುವ ಒಪ್ಪಂದ ತೆರೆಯಬೇಕು. ಸಾಮಾನ್ಯವಾಗಿ ಅದು ಕೇಳುವ ಸರದಿ ಹೀಗೆ: ಕಾಯಂ ಮನೆ ಎಲ್ಲಿದೆ, ಬದುಕಿನ ನಂಟುಗಳು ಎಲ್ಲಿವೆ, ಹೆಚ್ಚಾಗಿ ವಾಸಿಸುವುದು ಎಲ್ಲಿ, ಪೌರತ್ವ ಯಾವುದು. ಒಪ್ಪಂದದ ಲಾಭ ಬೇಕೆಂದರೆ ಆ ದೇಶದ ತೆರಿಗೆ ನಿವಾಸ ಪ್ರಮಾಣಪತ್ರ ಬೇಕೇ ಬೇಕು. ಭಾರತ–ಯುಎಇ ಒಪ್ಪಂದದಲ್ಲಿ ವ್ಯಕ್ತಿ ಅಲ್ಲಿಯ ನಿವಾಸಿ ಎನಿಸಲು ಕ್ಯಾಲೆಂಡರ್ ವರ್ಷದಲ್ಲಿ 183 ದಿನ ಅಲ್ಲಿರಬೇಕು. ವೀಸಾ ಪುಟದ ಫೋಟೊ ಪ್ರಮಾಣಪತ್ರವಲ್ಲ.

ಹಂತ 4: ಕಂಪನಿಯ ನಿವಾಸ ಹುಡುಕಿ

ಇಲ್ಲಿ ನಿಧಾನವಾಗಿ ಓದಿ. ಹೆಚ್ಚಿನವರು ಮುಗ್ಗರಿಸಿರುವುದು ಇಲ್ಲಿಯೇ.

ಹೊರದೇಶದಲ್ಲಿ ಹುಟ್ಟಿದ ಕಂಪನಿಯೂ ಭಾರತದ ನಿವಾಸಿ ಆಗಬಹುದು. ಇಡೀ ವ್ಯವಹಾರ ನಡೆಸಲು ಬೇಕಾದ ಮುಖ್ಯ ಆಡಳಿತ ಮತ್ತು ವಾಣಿಜ್ಯ ನಿರ್ಧಾರಗಳು ವಾಸ್ತವವಾಗಿ ಎಲ್ಲಿ ಆಗುತ್ತವೆಯೋ ಅದು ಕಂಪನಿಯ "ಪರಿಣಾಮಕಾರಿ ಆಡಳಿತದ ಸ್ಥಳ". ಆ ಸ್ಥಳ ಭಾರತವಾದರೆ ಕಂಪನಿಯೂ ಇಲ್ಲಿಯ ನಿವಾಸಿ. ಇದನ್ನು ಪ್ರತಿ ವರ್ಷ ಹೊಸದಾಗಿ ನೋಡಬೇಕು. ಹೇಗೆ ನೋಡಬೇಕೆಂದು ಕೇಂದ್ರ ನೇರ ತೆರಿಗೆ ಮಂಡಳಿ 2017ರ ಜನವರಿ 24ರ ಸುತ್ತೋಲೆಯಲ್ಲಿ ಹೇಳಿದೆ.

ಸುತ್ತೋಲೆ ಓದಲು ಬೇಸರವಾದರೆ ಒಂದು ಸಂಜೆ ನಿಮ್ಮ ಮೇಜನ್ನೇ ಗಮನಿಸಿ. ಬೆಲೆ ಎಷ್ಟಿಡಬೇಕೆಂದು ಬರೆದ ಇಮೇಲ್ ಹೋದದ್ದು ಯಾವ ಕೋಣೆಯಿಂದ? ಗಿರಾಕಿಯ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟವರು ಯಾರು? ಕಂಪನಿಯ ಖಾತೆಯಿಂದ ಹಣ ಹೊರಡುವಾಗ ಒಟಿಪಿ ಬಂದು ಗುನುಗುವ ಮೊಬೈಲ್ ಎಲ್ಲಿದೆ? ಜೇವರ್ಗಿ ರಸ್ತೆಯ ಮನೆಯಲ್ಲಿ, ಚಹಾದ ಕಪ್ಪಿನ ಪಕ್ಕದಲ್ಲಿ ಎಂದಾದರೆ ಕಂಪನಿಯ ಮೆದುಳೂ ಅಲ್ಲಿಯೇ ಇದೆ. ಸರ್ವರ್ ಯಾವ ದೇಶದಲ್ಲಿದೆ ಎಂಬುದು ಈ ಪ್ರಶ್ನೆಗೆ ಉತ್ತರವಲ್ಲ. ಬಾಡಿಗೆ ನಿರ್ದೇಶಕನೊಬ್ಬ ನೀವು ಕಳುಹಿಸಿದ ನಿರ್ಣಯಕ್ಕೆ ಸಹಿ ಹಾಕಿ ಕೊಟ್ಟರೂ ನಿರ್ಧಾರ ಅವನದಾಗುವುದಿಲ್ಲ. ನೋಡುವುದು ಸಹಿಯನ್ನಲ್ಲ, ತೀರ್ಮಾನಿಸಿದವರನ್ನು.

"ನಮ್ಮದು ಸಣ್ಣ ಕಂಪನಿ, ಇದು ನಮಗೆ ತಗಲುವುದಿಲ್ಲ" ಎನ್ನುವವರ ಮಾತಿನಲ್ಲಿ ಅರ್ಧ ಸತ್ಯವಿದೆ. 2017ರ ಫೆಬ್ರುವರಿ 23ರ ಸುತ್ತೋಲೆಯ ಪ್ರಕಾರ, ಆರ್ಥಿಕ ವರ್ಷದಲ್ಲಿ ವಹಿವಾಟು ಅಥವಾ ಒಟ್ಟು ಜಮೆ 50 ಕೋಟಿ ರೂಪಾಯಿ ಅಥವಾ ಕಡಿಮೆ ಇರುವ ಕಂಪನಿಗೆ ಈ ಪರೀಕ್ಷೆ ಅನ್ವಯಿಸುವುದಿಲ್ಲ. ನನ್ನ ಬಳಿ ಬರುವವರೆಲ್ಲ ಈ ಮಿತಿಯೊಳಗಿನವರೇ. ಆದರೆ ಅದನ್ನು ಓದಿ ಪುಸ್ತಕ ಮುಚ್ಚಬೇಡಿ, ಮುಂದಿನ ಹಂತಕ್ಕೆ ಬನ್ನಿ.

ಹಂತ 5: ಕಂಪನಿ ನಿವಾಸಿ ಅಲ್ಲದಿದ್ದರೂ ತೆರಿಗೆ ಹೇಗೆ ಬರುತ್ತದೆ

ನಿವಾಸಿಯಲ್ಲದ ಕಂಪನಿಗೂ ಭಾರತದಲ್ಲಿ "ವ್ಯವಹಾರ ಸಂಬಂಧ" ಇದ್ದರೆ, ಇಲ್ಲಿ ನಡೆದ ಕೆಲಸಕ್ಕೆ ಸಲ್ಲುವ ಲಾಭದ ಮೇಲೆ ಇಲ್ಲಿ ತೆರಿಗೆ. ಒಪ್ಪಂದದ ಭಾಷೆಯಲ್ಲಿ ಇದಕ್ಕೆ ಕಾಯಂ ನೆಲೆ ಎನ್ನುತ್ತಾರೆ. ಕಂಪನಿಗೆ ಇರುವವರು ನೀವೊಬ್ಬರೇ, ಕೆಲಸ ಪೂರ್ತಿ ನಡೆಯುವುದು ಕಲಬುರಗಿಯಲ್ಲಿ ಎಂದ ಮೇಲೆ, ಯಾವ ಪಾಲು ಹೊರಗಿನದು ಎಂದು ತೋರಿಸುವುದು ಕಷ್ಟ.

ದರವನ್ನೂ ನೋಡಿ. ವಿದೇಶಿ ಕಂಪನಿಗೆ 2024–25ರಿಂದ 35%, ಅದರ ಮೇಲೆ 4% ಸೆಸ್. ಆದಾಯ ಒಂದು ಕೋಟಿಯೊಳಗಿದ್ದರೂ 36.4% ಆಯಿತು. ಇಲ್ಲಿಯೇ ನೋಂದಾಯಿಸಿದ ಪ್ರೈವೇಟ್ ಲಿಮಿಟೆಡ್ ಕಂಪನಿ 22% ದರ ಆಯ್ದುಕೊಂಡರೆ ಸರ್‌ಚಾರ್ಜ್, ಸೆಸ್ ಎಲ್ಲ ಸೇರಿ 25.17%. ಪಾವತಿ ಗೇಟ್‌ವೇ ಸಿಗಲಿಲ್ಲ ಎಂಬ ಒಂದೇ ಕಾರಣಕ್ಕೆ ಡೆಲಾವೇರ್‌ಗೆ ಓಡಿದವರು ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ನೋಡಲಿ. ಗಿರಾಕಿಗಳೆಲ್ಲ ಹೊರಗೆ, ದುಡಿಮೆಯೆಲ್ಲ ಇಲ್ಲಿ ಎನ್ನುವವರಿಗೆ ಊರಿನಲ್ಲೇ ವ್ಯವಹಾರ ಇಟ್ಟು, ಜಿಎಸ್‌ಟಿಯಲ್ಲಿ ಎಲ್‌ಯುಟಿ (ತೆರಿಗೆ ಕಟ್ಟದೆ ರಫ್ತು ಮಾಡಲು ಕೊಡುವ ಮುಚ್ಚಳಿಕೆ) ಸಲ್ಲಿಸಿ ಸೇವೆ ರಫ್ತು ಮಾಡುವುದೇ ವಾಸಿ ಎಂಬುದು ನನ್ನ ಅಭಿಪ್ರಾಯ.

ಒಬ್ಬರೇ ಮಾಲೀಕರಿರುವ ಅಮೆರಿಕದ ಎಲ್‌ಎಲ್‌ಸಿಗೆ, ಅಂದರೆ ಸೀಮಿತ ಹೊಣೆಯ ಸಂಸ್ಥೆಗೆ, ಇನ್ನೊಂದು ತೊಡಕಿದೆ. ಅಮೆರಿಕ ಅದನ್ನು ಮಾಲೀಕನಿಂದ ಬೇರೆಯಾಗಿ ನೋಡುವುದಿಲ್ಲ. ಭಾರತದ ಕಾಯ್ದೆಯಲ್ಲಿ ಹೊರದೇಶದ ಕಾನೂನಿನಡಿ ರೂಪುಗೊಂಡ ನಿಗಮ ಸಂಸ್ಥೆ ಕಂಪನಿಯೇ. ಕೆಲವು ಆಡಿಟರ್‌ಗಳು ಎಲ್‌ಎಲ್‌ಸಿಯ ಲಾಭವನ್ನು ನೇರವಾಗಿ ಮಾಲೀಕನ ವ್ಯವಹಾರದ ಆದಾಯವೆಂದು ತೋರಿಸುತ್ತಾರೆ, ಕೆಲವರು ಕಂಪನಿಯೆಂದೇ ಬೇರೆ ಇಡುತ್ತಾರೆ. ಯಾವುದನ್ನು ಹಿಡಿದರೂ ಕಾರಣವನ್ನು ಬರೆದಿಟ್ಟು ಅದನ್ನೇ ಪಾಲಿಸಿ. ಒಂದು ವರ್ಷ ಹೀಗೆ, ಮರುವರ್ಷ ಹಾಗೆ ಮಾಡಿದ ಕಡತವನ್ನು ಯಾರೂ ಸಮರ್ಥಿಸಲಾರರು.

ನಿಮ್ಮದೇ ಕಂಪನಿಗೆ ನೀವೇ ಸೇವೆಯ ಬಿಲ್ ಕಳುಹಿಸುತ್ತಿದ್ದರೆ ದರ ಮಾರುಕಟ್ಟೆಯದ್ದಾಗಿರಬೇಕು. ಗಂಜ್ ಮಾರುಕಟ್ಟೆಯ ಅಡತಿ ವ್ಯಾಪಾರಿಯೊಬ್ಬರು ತಮ್ಮದೇ ದಾಲ್ ಮಿಲ್‌ಗೆ ಅಂದಿನ ಧಾರಣೆಗಿಂತ ಅಗ್ಗವಾಗಿ ತೊಗರಿ ಬರೆದುಕೊಟ್ಟರೆ ಅಡತಿ ಅಂಗಡಿಯ ವಹಿಯಲ್ಲಿ ಲಾಭ ಕುಗ್ಗುತ್ತದೆಯಲ್ಲ, ಅದೇ ಅನುಮಾನ ಇಲ್ಲಿಯೂ. ಮೊತ್ತ ಎಷ್ಟೇ ಚಿಕ್ಕದಿರಲಿ, ಇಂಥ ವ್ಯವಹಾರಕ್ಕೆ ಲೆಕ್ಕಪರಿಶೋಧಕರ ವರದಿ, ಅಂದರೆ ಫಾರ್ಮ್ 3ಸಿಇಬಿ, ಅಕ್ಟೋಬರ್ 31ರೊಳಗೆ ಸಲ್ಲಬೇಕು. ವರ್ಷದ ಮೊತ್ತ ಒಂದು ಕೋಟಿ ದಾಟಿದರೆ ದರ ನಿಗದಿಯ ದಾಖಲೆಗಳನ್ನೂ ಕಟ್ಟಿಡಬೇಕು.

ಹಂತ 6: ಹಣ ಹೋಗುವ ದಾರಿ

ಇದು ಆದಾಯ ತೆರಿಗೆಯಲ್ಲ, ಫೆಮಾ, ಅಂದರೆ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ. ಅಲ್ಲಿ ನಿವಾಸದ ಲೆಕ್ಕವೇ ಬೇರೆ: ಹಿಂದಿನ ಆರ್ಥಿಕ ವರ್ಷದಲ್ಲಿ 182 ದಿನಕ್ಕಿಂತ ಹೆಚ್ಚು ಇದ್ದಿರಾ, ಯಾವ ಉದ್ದೇಶಕ್ಕೆ ಹೋದಿರಿ ಅಥವಾ ಬಂದಿರಿ ಎಂದು ನೋಡುತ್ತಾರೆ. ಒಂದರಲ್ಲಿ ಅನಿವಾಸಿ, ಇನ್ನೊಂದರಲ್ಲಿ ನಿವಾಸಿ ಆಗುವುದುಂಟು. ಎರಡು ಉತ್ತರಗಳನ್ನೂ ಬೇರೆ ಬೇರೆ ಬರೆದುಕೊಳ್ಳಿ.

ನಿವಾಸಿಯೊಬ್ಬರು ತಮ್ಮ ಹೊರದೇಶದ ಕಂಪನಿಗೆ ಬಂಡವಾಳ ಹಾಕುವುದು 2022ರ ಆಗಸ್ಟ್ 22ರಿಂದ ಜಾರಿಯಲ್ಲಿರುವ ಸಾಗರೋತ್ತರ ಹೂಡಿಕೆ ನಿಯಮಗಳ ವ್ಯಾಪ್ತಿಗೆ ಬರುತ್ತದೆ. ಮೊದಲ ಡಾಲರ್ ಹೋಗುವ ಮೊದಲು ಬ್ಯಾಂಕ್ ಮೂಲಕ ಫಾರ್ಮ್ ಎಫ್‌ಸಿ ಸಲ್ಲಿಸಿ ವಿಶಿಷ್ಟ ಗುರುತಿನ ಸಂಖ್ಯೆ, ಅಂದರೆ ಯುಐಎನ್ ಪಡೆಯಬೇಕು. ವರ್ಷಕ್ಕೆ 2,50,000 ಡಾಲರ್ ಮಿತಿ. ಹೀಗೆ ಕಳುಹಿಸುವ ಮೊತ್ತ ವರ್ಷದಲ್ಲಿ 10 ಲಕ್ಷ ರೂಪಾಯಿ ದಾಟಿದರೆ ದಾಟಿದ ಭಾಗದ ಮೇಲೆ ಬ್ಯಾಂಕ್ 20% ಟಿಸಿಎಸ್ (ಮೂಲದಲ್ಲೇ ಸಂಗ್ರಹಿಸುವ ತೆರಿಗೆ) ಹಿಡಿಯುತ್ತದೆ; ಅದನ್ನು ರಿಟರ್ನ್‌ನಲ್ಲಿ ಹೊಂದಿಸಿಕೊಳ್ಳಬಹುದು. ಆಮೇಲೆ ವಾರ್ಷಿಕ ಕಾರ್ಯನಿರ್ವಹಣಾ ವರದಿಯನ್ನು ಡಿಸೆಂಬರ್ 31ರೊಳಗೆ ಕೊಡಬೇಕು.

ಈ ಕೆಲಸ ಎಲ್ಲ ಶಾಖೆಗಳಲ್ಲೂ ಆಗುವುದಿಲ್ಲ. ವಿದೇಶಿ ವಿನಿಮಯ ವಿಭಾಗವಿರುವ ಶಾಖೆ ಯಾವುದೆಂದು ಮೊದಲೇ ಕೇಳಿಕೊಳ್ಳಿ. ಪರಿಚಯದ ಹುಡುಗನೊಬ್ಬನ ಬಂಡವಾಳವನ್ನು ಶಾಖೆಯೊಂದರ ಸಿಬ್ಬಂದಿ "ಕುಟುಂಬ ನಿರ್ವಹಣೆ" ಎಂಬ ಉದ್ದೇಶದಡಿ ಕಳುಹಿಸಿಬಿಟ್ಟಿದ್ದರು. ಡೆಲಾವೇರ್‌ನಲ್ಲಿ ಅವನಿಗೆ ಯಾವ ಕುಟುಂಬವೂ ಇರಲಿಲ್ಲ. ಅರ್ಜಿಯಲ್ಲಿ ಪೆನ್ಸಿಲ್‌ನಿಂದ ಗುರುತು ಹಾಕಿದ ಚೌಕದಲ್ಲೇ ಅವನು ಸಹಿ ಹಾಕಿದ್ದ. ಅದನ್ನು ಸರಿಪಡಿಸಲು ತಡ ಸಲ್ಲಿಕೆಯ ಶುಲ್ಕ ಕಟ್ಟಿ ತಿಂಗಳುಗಟ್ಟಲೆ ಓಡಾಡಬೇಕಾಯಿತು. ಎ2 ಅರ್ಜಿಯ ಉದ್ದೇಶದ ಸಾಲನ್ನು ನೀವೇ ಓದಿ ಸಹಿ ಹಾಕಿ.

ಅನಿವಾಸಿಯಾಗಿದ್ದಾಗ ಅಲ್ಲಿಯ ಸಂಪಾದನೆಯಿಂದ ಕಟ್ಟಿದ ಕಂಪನಿಯನ್ನು, ಊರಿಗೆ ಮರಳಿದ ಮೇಲೂ ಇಟ್ಟುಕೊಳ್ಳಲು ಫೆಮಾ ಬಿಡುತ್ತದೆ. ಆ ದುಡ್ಡು ಆಗ ಅಲ್ಲಿ ಗಳಿಸಿದ್ದು ಎಂಬುದಕ್ಕೆ ದಾಖಲೆ ಇರಲಿ.

ಹಂತ 7: ರಿಟರ್ನ್‌ನಲ್ಲಿ ತೋರಿಸುವುದು

ಹೊರದೇಶದ ಆಸ್ತಿ ಇರುವ ಸಾಮಾನ್ಯ ನಿವಾಸಿ ಐಟಿಆರ್-1 ಮತ್ತು ಐಟಿಆರ್-4 ಬಳಸುವಂತಿಲ್ಲ. ವ್ಯವಹಾರದ ಆದಾಯವಿದ್ದರೆ ಐಟಿಆರ್-3, ಇಲ್ಲದಿದ್ದರೆ ಐಟಿಆರ್-2. ಆದಾಯ ತೆರಿಗೆ ಮಿತಿಗಿಂತ ಕಡಿಮೆ ಇದ್ದರೂ ಆಸ್ತಿ ಇದ್ದ ಮೇಲೆ ರಿಟರ್ನ್ ಸಲ್ಲಿಸಲೇಬೇಕು.

ರಿಟರ್ನ್‌ನಲ್ಲಿ ಹೊರದೇಶದ ಆಸ್ತಿ ತೋರಿಸುವ ಶೆಡ್ಯೂಲ್ ಎಫ್‌ಎ ತುಂಬುವಾಗ ಹತ್ತರಲ್ಲಿ ಒಂಬತ್ತು ಮಂದಿ ಮಾರ್ಚ್ 31ರಂದು ಖಾತೆಯಲ್ಲಿ ಉಳಿದ ಬಾಕಿ ಬರೆಯುತ್ತಾರೆ. ಅಲ್ಲಿ ಬೇಕಿರುವುದು ಕ್ಯಾಲೆಂಡರ್ ವರ್ಷದ್ದು. 2025–26ರ ರಿಟರ್ನ್‌ಗೆ 2025ರ ಜನವರಿ 1ರಿಂದ ಡಿಸೆಂಬರ್ 31ರವರೆಗಿನ ಗರಿಷ್ಠ ಬಾಕಿ, ಕೊನೆಯ ಬಾಕಿ. ಡಾಲರನ್ನು ರೂಪಾಯಿಗೆ ತಿರುಗಿಸಲು ಎಸ್‌ಬಿಐನ ಟಿಟಿ ಖರೀದಿ ದರ. ಗೂಗಲ್ ತೋರಿಸುವ ದರವಲ್ಲ. ಕಂಪನಿಯಲ್ಲಿನ ನಿಮ್ಮ ಪಾಲು ಒಂದು ಕಡೆ, ಕಂಪನಿಯ ಖಾತೆಗೆ ಸಹಿ ಮಾಡುವ ಅಧಿಕಾರ ನಿಮಗಿದ್ದರೆ ಅದು ಇನ್ನೊಂದು ಕಡೆ. ಸಹಿಯ ಅಧಿಕಾರವನ್ನೂ ಹೇಳಬೇಕೆಂದು ಗೊತ್ತಿರುವವರು ಕಡಿಮೆ.

ಕಪ್ಪುಹಣ ಕಾಯ್ದೆಯಡಿ ಇದನ್ನು ಮುಚ್ಚಿಟ್ಟರೆ ದಂಡ 10 ಲಕ್ಷ ರೂಪಾಯಿ. 2024ರ ಅಕ್ಟೋಬರ್ 1ರಿಂದ, ಸ್ಥಿರಾಸ್ತಿ ಬಿಟ್ಟು ಉಳಿದ ಆಸ್ತಿಗಳ ಒಟ್ಟು ಮೌಲ್ಯ 20 ಲಕ್ಷ ಮೀರದಿದ್ದರೆ ಈ ದಂಡವಿಲ್ಲ. ದಂಡವಿಲ್ಲವೆಂದರೆ ತೋರಿಸಬೇಕಿಲ್ಲ ಎಂದಲ್ಲ.

ಸಂಬಳ, ಶುಲ್ಕ, ಲಾಭಾಂಶ, ಯಾವ ಹೆಸರಿನಲ್ಲಿ ಬಂದರೂ ಹೊರದೇಶದ ಆದಾಯ ತೋರಿಸುವ ಶೆಡ್ಯೂಲ್ ಎಫ್‌ಎಸ್‌ಐನಲ್ಲಿ ಬರೆಯಿರಿ. ಅಲ್ಲಿ ತೆರಿಗೆ ಕಟ್ಟಿದ್ದರೆ ಶೆಡ್ಯೂಲ್ ಟಿಆರ್ ಮತ್ತು ಫಾರ್ಮ್ 67 ಮೂಲಕ ಹೊಂದಾಣಿಕೆ ಕೇಳಬಹುದು. "ಅಮೆರಿಕದಲ್ಲಿ ನನಗೆ ತೆರಿಗೆಯೇ ಇಲ್ಲ" ಎಂದು ಹಿಗ್ಗುವವರಿಗೆ ಹೊಂದಿಸಿಕೊಳ್ಳಲು ಏನೂ ಇರುವುದಿಲ್ಲ. ಪೂರ್ತಿ ಇಲ್ಲಿಯೇ ಕಟ್ಟಬೇಕು.

ಹಂತ 8: ಆ ದೇಶದ ಗಡುವುಗಳು

ತೆರಿಗೆ ಇಲ್ಲದಿದ್ದರೂ ಕಾಗದವಿರುತ್ತದೆ. ಅಮೆರಿಕದಲ್ಲಿ, ವಿದೇಶಿಯೊಬ್ಬರ ಒಡೆತನದ ಏಕಸದಸ್ಯ ಎಲ್‌ಎಲ್‌ಸಿ, ತನ್ನ ಮಾಲೀಕನೊಂದಿಗೆ ಹಣದ ವ್ಯವಹಾರವಿದ್ದ ವರ್ಷ ಫಾರ್ಮ್ 5472 ಅನ್ನು ಹೆಸರಿಗಷ್ಟೇ ತುಂಬಿದ ಫಾರ್ಮ್ 1120ರ ಜೊತೆ ಏಪ್ರಿಲ್ 15ರೊಳಗೆ ಸಲ್ಲಿಸಬೇಕು. ಬಂಡವಾಳ ಹಾಕಿದ್ದೂ, ತೆಗೆದದ್ದೂ ವ್ಯವಹಾರವೇ. ತಪ್ಪಿದರೆ ದಂಡ 25,000 ಡಾಲರ್. ಡೆಲಾವೇರ್ ರಾಜ್ಯಕ್ಕೆ ಜೂನ್ 1ರೊಳಗೆ 300 ಡಾಲರ್ ಬೇರೆ. ಎಸ್ಟೋನಿಯಾದಲ್ಲಿ ಲಾಭ ಹಂಚುವಾಗ ತೆರಿಗೆ, ದರ 2025ರಿಂದ 22%. ಯುಎಇಯಲ್ಲಿ 3,75,000 ದಿರ್ಹಂ ಮೀರಿದ ಲಾಭಕ್ಕೆ 9%. ಲಾಭ ಅದರೊಳಗಿದ್ದರೂ ಕಂಪನಿ ನೋಂದಣಿ ಮಾಡಿಸಬೇಕು.

ಕೆಲಸ ನಿಲ್ಲಿಸಿ ಸಲಹೆ ಕೇಳಬೇಕಾದ ಸೂಚನೆಗಳು

ಹೊರದೇಶದ ಆಸ್ತಿಯ ಬಗ್ಗೆ ಇಲಾಖೆಯಿಂದ ಎಸ್‌ಎಂಎಸ್ ಬಂದಿದ್ದರೆ ಅಳಿಸಬೇಡಿ. ಬೇರೆ ದೇಶಗಳು ಬ್ಯಾಂಕ್ ಖಾತೆಗಳ ಮಾಹಿತಿಯನ್ನು ಭಾರತಕ್ಕೆ ತಾವಾಗಿಯೇ ಕಳುಹಿಸುತ್ತಿವೆ. 2024ರ ನವೆಂಬರ್‌ನಲ್ಲಿ ಇಲಾಖೆ ಇಂಥ ಸಂದೇಶಗಳ ಅಭಿಯಾನವನ್ನೇ ನಡೆಸಿತ್ತು. ನಿಮ್ಮ ವಿದೇಶಿ ಖಾತೆಯ ಅರ್ಜಿಯಲ್ಲಿ "ತೆರಿಗೆ ನಿವಾಸ" ಎಂಬಲ್ಲಿ ಭಾರತದ ಬದಲು ಬೇರೆ ದೇಶ ಬರೆದಿದ್ದರೆ ಅದೂ ಅಪಾಯದ ಗುರುತು. ಕಂಪನಿಯ ಕಾರ್ಡ್‌ನಿಂದ ಮನೆಯ ದಿನಸಿ ಕೊಂಡಿದ್ದರೆ, ಕಂಪನಿಯಿಂದ ಬಂದ ಹಣಕ್ಕೆ ಹೆಸರಿಡದೆ "ಆಮೇಲೆ ನೋಡೋಣ" ಎಂದು ಬಿಟ್ಟಿದ್ದರೆ, ಹಳೆಯ ವರ್ಷಗಳ ಶೆಡ್ಯೂಲ್ ಎಫ್‌ಎ ಖಾಲಿ ಇದ್ದರೆ, ಹೊಸ ರಿಟರ್ನ್ ಮುಟ್ಟುವ ಮೊದಲು ಅಂತರರಾಷ್ಟ್ರೀಯ ತೆರಿಗೆ ಬಲ್ಲ ಲೆಕ್ಕಪರಿಶೋಧಕರ ಬಳಿ ಕುಳಿತುಕೊಳ್ಳಿ. ಕಲಬುರಗಿಯಲ್ಲಿ ಸಿಗದಿದ್ದರೆ ಹೈದರಾಬಾದ್ ದೂರವೇನಲ್ಲ.

ಕಂಪನಿಯೇ ಬೇಡವೆಂದು ಮುಚ್ಚುವವರು, ಖಾತೆ ಮುಚ್ಚುವ ಮೊದಲು ಅದರ ಎಲ್ಲ ವರ್ಷಗಳ ವಿವರಪಟ್ಟಿಗಳನ್ನು ಇಳಿಸಿಕೊಳ್ಳಿ. ಆನ್‌ಲೈನ್ ಖಾತೆ ಮುಚ್ಚಿದ ಮರುದಿನ ಲಾಗಿನ್ ಕೆಲಸ ಮಾಡುವುದಿಲ್ಲ. ಆದರೆ ಆ ಖಾತೆ ವರ್ಷದಲ್ಲಿ ಒಂದೇ ದಿನ ಇದ್ದಿದ್ದರೂ ಆ ವರ್ಷದ ಶೆಡ್ಯೂಲ್ ಎಫ್‌ಎ ಅದರ ಗರಿಷ್ಠ ಬಾಕಿಯನ್ನು ಕೇಳುತ್ತದೆ.